ಬಾಡಿಗೆ ಮನೆಗೆ ಒಳ್ಳೇ ಬೆಳಕು: ಗೋಡೆ ಕೊರೀದೆ, ವೈರಿಂಗ್ ಮುಟ್ಟದೆ

ಬೆಂಗಳೂರಲ್ಲಿ 20x30 ಸೈಟಲ್ಲಿ ಮೂರು ಫ್ಲೋರ್ ಎಬ್ಬಿಸಿರೋ ಬಾಡಿಗೆ ಮನೆಗಳಲ್ಲಿ ಕಿಟಕಿ ತೆಗೆದ್ರೆ ಎದುರಿಗೆ ಪಕ್ಕದ ಮನೆ ಗೋಡೆ, ಮಧ್ಯಾಹ್ನ ಹನ್ನೆರಡು ಗಂಟೆಗೂ ಲೈಟ್ ಹಾಕ್ಕೊಂಡೇ ಬೇಳೇಲಿ ಕಲ್ಲು ಆರಿಸ್ಬೇಕು. ಓನರ್ ಹಾಕ್ಸಿರೋದು ಹಾಲಲ್ಲೊಂದು ಟ್ಯೂಬ್‌ಲೈಟು, ರೂಮಲ್ಲೊಂದು, ಅಡುಗೆಮನೆ ಬಾಗಿಲ ಮೇಲೊಂದು ಬಲ್ಬು, ಅಷ್ಟೇ. ಹೊಸ ಪಾಯಿಂಟ್ ಕೇಳಿದ್ರೆ ಒಪ್ಪಲ್ಲ, ನಾವೇ ಡ್ರಿಲ್ ಹಾಕಿದ್ರೆ ಖಾಲಿ ಮಾಡೋವಾಗ ಅಡ್ವಾನ್ಸಲ್ಲಿ ಹಿಡ್ಕೋತಾರೆ. ಅದಕ್ಕೆ ಎಲ್ರೂ ಮಾಡೋದು ಒಂದೇ, ಇರೋ ಹೋಲ್ಡರ್‌ಗೆ ಇನ್ನೂ ದೊಡ್ಡ ವ್ಯಾಟಿನ ಬಲ್ಬ್ ತಂದು ಹಾಕೋದು. ಬೆಳಕು ಬೆನ್ನ ಹಿಂದಿಂದ ಬರ್ತಿದ್ರೆ ಎಷ್ಟೇ ದೊಡ್ಡ ಬಲ್ಬ್ ಹಾಕಿದ್ರೂ ತರಕಾರಿ ಮೇಲೆ ಬೀಳೋದು ನಿಮ್ಮ ನೆರಳೇ. ಕೈ ಎಲ್ಲಿ ಕೆಲಸ ಮಾಡತ್ತೋ ಅಲ್ಲಿಗೆ ಬೆಳಕು ತರ್ಬೇಕು.

ಮೊದಲು ಒಂದಿನ ಸಂಜೆ ಏಳು ಗಂಟೆ ಮೇಲೆ ಮನೆಯೆಲ್ಲಾ ಒಂದು ಸುತ್ತು ಹಾಕಿ. ಅಡುಗೆ ಕಟ್ಟೆ ಮುಂದೆ, ಮಕ್ಕಳು ಹೋಂವರ್ಕ್ ಮಾಡೋ ಜಾಗ, ಕನ್ನಡಿ ಮುಂದೆ, ಬೀರು ಮುಂದೆ ನಿಂತು ನಿಮ್ಮ ನೆರಳು ಎತ್ತ ಬೀಳತ್ತೆ ನೋಡಿ. ಮಾಡ್ತಿರೋ ಕೆಲಸದ ಮೇಲೇ ಬಿದ್ರೆ ಆ ಜಾಗಕ್ಕೊಂದು ಬೇರೆ ಲೈಟ್ ಬೇಕು ಅಂತ ಬರ್ಕೊಳ್ಳಿ, ಹತ್ರದ ಪ್ಲಗ್ ಪಾಯಿಂಟ್ ಎಷ್ಟು ದೂರ ಅಂತಾನೂ ಟೇಪಲ್ಲಿ ಅಳೆದು ಬರ್ಕೊಳ್ಳಿ.

ಆಮೇಲೆ ಇರೋ ಬಲ್ಬ್ ಬದಲಾಯ್ಸಿ. ನಮ್ಮ ಗೋಡೆ ಹೋಲ್ಡರ್‌ಗಳು ಹೆಚ್ಚಾಗಿ ಬಿ22, ಅಂದ್ರೆ ಒತ್ತಿ ತಿರುಗಿಸೋದು. ಟೇಬಲ್ ಲ್ಯಾಂಪ್, ಸ್ಟ್ಯಾಂಡ್ ಲ್ಯಾಂಪಲ್ಲಿ ಎಷ್ಟೋ ಸಲ ಇ27, ತಿರುಪು ಥರದ್ದು ಇರತ್ತೆ, ಒಂದರಿಂದ ಇನ್ನೊಂದಕ್ಕೆ ಕನ್ವರ್ಟರ್ ಸಿಗತ್ತೆ. ಡಬ್ಬದ ಮೇಲೆ ವ್ಯಾಟ್ ಜೊತೆ ಲ್ಯೂಮೆನ್, ಅಂದ್ರೆ ಎಷ್ಟು ಬೆಳಕು ಬರತ್ತೆ ಅನ್ನೋದನ್ನೂ ನೋಡಿ, 9 ವ್ಯಾಟ್ ಎಲ್‌ಇಡಿ ಸುಮಾರು 800ರಿಂದ 900 ಲ್ಯೂಮೆನ್ ಕೊಡತ್ತೆ. ಬಣ್ಣ ಕೆಲ್ವಿನ್‌ನಲ್ಲಿರತ್ತೆ: 6500 ಅಂದ್ರೆ ನೀಲಿ ಕಡೆ ವಾಲಿದ ಬಿಳಿ, 3000 ಅಂದ್ರೆ ಹಳದಿ, 4000 ನಡುವಿಂದು. ಅಂಗಡೀಲಿ ಕೇಳದೇ ಇದ್ರೆ 6500 ಕೊಟ್ಟು ಕಳಿಸ್ತಾರೆ. ಮಲಗೋ ರೂಮಿಗೆ 3000, ಅಡುಗೆಮನೆಗೆ, ಓದೋ ಜಾಗಕ್ಕೆ 4000 ಅಂತ ಕೇಳಿ ತಗೊಳ್ಳಿ, ರಾತ್ರಿ ಹತ್ತಾದ್ಮೇಲೂ ಆಸ್ಪತ್ರೆ ಥರ ಬಿಳಿ ಬೆಳಕಲ್ಲಿ ಕೂರೋದು ಬೇಡ. ಸಿಆರ್‌ಐ (ಬಣ್ಣ ಎಷ್ಟು ಸಹಜವಾಗಿ ಕಾಣತ್ತೆ ಅನ್ನೋ ಅಂಕ) 90 ಇರೋದು ಸಿಕ್ರೆ ಅಡುಗೆಮನೆಗೆ ಅದೇ ಇರ್ಲಿ, ಸೊಪ್ಪು ಬಾಡಿದ್ಯಾ ತಾಜಾನಾ ಅಂತ ಬಣ್ಣ ಸರಿಯಾಗಿ ಗೊತ್ತಾಗತ್ತೆ.

ಅಡುಗೆಮನೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಚಾಕು, ಬಿಸಿ ಎಣ್ಣೆ ಎಲ್ಲಾ ಇರೋ ಜಾಗದಲ್ಲೇ ಬೆಳಕು ಕಮ್ಮಿ. ಕಟ್ಟೆ ಮೇಲೆ ಶೆಲ್ಫ್ ಇದ್ರೆ ಅದರ ಅಡಿಗೆ ಒಂದಡಿ ಅಥವಾ ಎರಡಡಿ ಟಿ5 ಎಲ್‌ಇಡಿ ಬ್ಯಾಟನ್, ಅಂದ್ರೆ ತೆಳು ಪಟ್ಟಿ ಥರದ ಟ್ಯೂಬ್‌ಲೈಟ್ ಅಂಟಿಸಿ. ಗೋಡೆ ಕಡೆಗಲ್ಲ, ಶೆಲ್ಫಿನ ಮುಂದಿನ ಅಂಚಿಗೆ, ಆಗ ಬೆಳಕು ನಿಮ್ಮ ಕೈ ಮುಂದಿಂದ ಬೀಳತ್ತೆ, ನೆರಳು ಹಿಂದಕ್ಕೆ ಹೋಗತ್ತೆ. ಬಿವಿಕೆ ಅಯ್ಯಂಗಾರ್ ರೋಡಲ್ಲೋ ನಿಮ್ಮ ಏರಿಯಾ ಎಲೆಕ್ಟ್ರಿಕಲ್ ಅಂಗಡೀಲೋ ತಗೊಳ್ವಾಗ್ಲೇ ವೈರು, ಪ್ಲಗ್ ಟಾಪು, ಮಧ್ಯೆ ಒಂದು ಸ್ವಿಚ್ ಹಾಕಿಸ್ಕೊಂಡು, ಅಲ್ಲೇ ಉರಿಸಿ ನೋಡ್ಕೊಂಡು ಬನ್ನಿ. ಸ್ಟವ್ ನೇರ ಮೇಲೆ ಬೇಡ, ಬಿಸಿಗೆ ಅಂಟು ಬಿಡತ್ತೆ, ಜಿಡ್ಡು ಹತ್ತತ್ತೆ. ವೈರು ಸಿಂಕ್ ಹತ್ರ ಹಾಯೋದೂ ಬೇಡ. ಪ್ಲಗ್ಗೇ ಇಲ್ಲದ ಮೂಲೆಗೆ, ಬೀರು ಒಳಗೆ, ಸಜ್ಜೆ ಮೇಲೆ ಚಾರ್ಜ್ ಮಾಡೋ ಸೆನ್ಸರ್ ಲೈಟ್ ಸಾಕು, ಮ್ಯಾಗ್ನೆಟ್ ಇರತ್ತೆ, ತೆಗೆದು ಮೊಬೈಲ್ ಚಾರ್ಜರ್‌ಗೆ ಹಾಕ್ಬೋದು.

ಅಂಟಿಸೋದ್ರಲ್ಲಿ ಒಂದು ಎಚ್ಚರ. ಬಾಡಿಗೆ ಮನೆಗೆ ಎಷ್ಟೋ ಕಡೆ ಡಿಸ್ಟೆಂಪರ್ ಹೊಡೆದಿರ್ತಾರೆ, ಕೈಗೆ ಪುಡಿ ಹತ್ತೋ ಗೋಡೆ, ಅದಕ್ಕೆ ಟೇಪ್ ನಿಲ್ಲಲ್ಲ, ನಿಂತ್ರೂ ಕೀಳೋವಾಗ ಬಣ್ಣ ಜೊತೇಲೇ ಬರತ್ತೆ. ಆದಷ್ಟೂ ಟೈಲ್ಸ್, ಮರ, ಕಬ್ಬಿಣದ ಬೀರು ಇಂಥದ್ದಕ್ಕೇ ಅಂಟಿಸಿ, ಮೊದಲು ಜಿಡ್ಡು ಒರೆಸಿ ಒಣಗಿಸಿ.

ಹಾಲಿಗೆ ನನ್ನ ಮಟ್ಟಿಗೆ ಒಂದು ಸ್ಟ್ಯಾಂಡ್ ಲ್ಯಾಂಪೇ ಒಳ್ಳೇದು, ಮೇಲ್ಮುಖ ಇರೋದು, ಮೂಲೇಲಿ ನಿಲ್ಲಿಸಿದ್ರೆ ಬೆಳಕು ಬಿಳಿ ಸೀಲಿಂಗಿಗೆ ತಾಗಿ ಇಡೀ ರೂಮಿಗೆ ಮೆತ್ತಗೆ ಹರಡತ್ತೆ, ಖಾಲಿ ಮಾಡೋವಾಗ ಎತ್ಕೊಂಡು ಹೋಗೋದಷ್ಟೇ. ಫ್ಯಾನ್ ರೆಕ್ಕೆ ಮೇಲೆ ಬೆಳಕು ಹಾಯೋ ಕಡೆ ಮಾತ್ರ ಇಡ್ಬೇಡಿ, ನೆರಳು ಪಟಪಟ ಓಡಿ ತಲೆನೋವು ಬರತ್ತೆ. ಓದೋಕೆ ಕ್ಲಿಪ್ ಲ್ಯಾಂಪ್ ಹಾಕಿ, ಮಗು ಬಲಗೈಲಿ ಬರೆಯತ್ತೆ ಅಂದ್ರೆ ಎಡಗಡೆಗೆ. ಹಗಲಿಗೆ ಕಿಟಕಿ ಗಾಜು, ಸೊಳ್ಳೆ ಮೆಶ್ ತೊಳೀರಿ, ಅದರ ಧೂಳೇ ಎಷ್ಟೋ ಬೆಳಕು ತಡೀತಿರತ್ತೆ.

ಎಕ್ಸ್‌ಟೆನ್ಷನ್ ಬಾಕ್ಸ್ ಐಎಸ್‌ಐ ಮಾರ್ಕ್ ಇರೋದೇ ತಗೊಳ್ಳಿ. 6 ಆಂಪಿಯರ್ ಬಾಕ್ಸ್ 230 ವೋಲ್ಟಲ್ಲಿ ತಡೆಯೋದು ಸುಮಾರು 1,380 ವ್ಯಾಟ್, ಎಲ್‌ಇಡಿ ಲೈಟ್ ಎಷ್ಟಾದ್ರೂ ಹಾಕಿ, ಅದೇ ಬಾಕ್ಸಿಗೆ 2,000 ವ್ಯಾಟಿನ ಇಂಡಕ್ಷನ್ ಸ್ಟವ್ ಚುಚ್ಬೇಡಿ. ವೈರು ಕಾರ್ಪೆಟ್ ಅಡಿ, ಬಾಗಿಲ ಸಂದೀಲಿ ಹಾಯಿಸ್ಬೇಡಿ. ಫ್ಯಾನ್ ರೆಗ್ಯುಲೇಟರ್‌ಗೆ ಕೊಟ್ಟು ಬಲ್ಬ್ ಮಂದ ಮಾಡೋಕೆ ಹೋಗ್ಲೇಬೇಡಿ. ಸ್ವಿಚ್ ಆಫ್ ಮಾಡಿದ್ರೂ ಎಲ್‌ಇಡಿ ಸಣ್ಣಗೆ ಉರೀತಿದ್ರೆ ಸ್ವಿಚ್ಚಲ್ಲಿರೋ ಇಂಡಿಕೇಟರ್ ದೀಪದಿಂದ ಇರ್ಬೋದು, ಅಥವಾ ಸ್ವಿಚ್ಚನ್ನ ಫೇಸ್ (ಕರೆಂಟ್ ಬರೋ ವೈರು) ಬದಲು ನ್ಯೂಟ್ರಲ್‌ಗೆ (ವಾಪಸ್ ಹೋಗೋ ವೈರು) ಕೊಟ್ಟಿರ್ಬೋದು. ಎರಡನೇದಾದ್ರೆ ಆಫ್ ಮಾಡಿದ್ರೂ ಹೋಲ್ಡರಲ್ಲಿ ಕರೆಂಟ್ ಇರತ್ತೆ, ಓನರ್‌ಗೆ ಹೇಳಿ ಎಲೆಕ್ಟ್ರಿಷಿಯನ್ ಕರೆಸಿ. ಯಾವುದೇ ಬಲ್ಬ್ ಬಿಚ್ಚೋ ಮುಂಚೆ ಎಂಸಿಬಿ (ಕರೆಂಟ್ ಕಟ್ ಮಾಡೋ ಟ್ರಿಪ್ ಸ್ವಿಚ್) ಇಳಿಸೋದು ಅಭ್ಯಾಸ ಮಾಡ್ಕೊಳ್ಳಿ.

ಯುಪಿಎಸ್ ಇಲ್ಲದ ಮನೆಗೆ ಒಳಗೇ ಬ್ಯಾಟರಿ ಇರೋ ಇನ್ವರ್ಟರ್ ಬಲ್ಬ್ ಒಂದಾದ್ರೂ ಇರ್ಲಿ, ಮಾಮೂಲಿ ಹೋಲ್ಡರ್‌ಗೇ ಕೂರತ್ತೆ, ಕರೆಂಟ್ ಹೋದ್ರೆ ತಾನೇ ಉರಿಯತ್ತೆ. ಅಡುಗೆಮನೆಗೆ ಇಲ್ಲಾ ಮೆಟ್ಟಿಲ ಹತ್ರ ಹಾಕಿ, ಸ್ವಿಚ್ ಮಾತ್ರ ಆನಲ್ಲೇ ಇರ್ಬೇಕು.

ಬಿಲ್ ಚಿಂತೆ ಬೇಡ. 9 ವ್ಯಾಟ್ ಬಲ್ಬ್ ದಿನಾ ಐದು ಗಂಟೆ ಉರಿದ್ರೆ ತಿಂಗಳಿಗೆ 1.35 ಯೂನಿಟ್, ಅಂಥ ನಾಲ್ಕು ಸೇರಿದ್ರೂ ಐದೂವರೆ ದಾಟಲ್ಲ. ಗೃಹಜ್ಯೋತಿಲಿ ಇರೋರು ತಮಗೆ ಸಿಕ್ಕಿರೋ ಮಿತಿ ಹತ್ರಾನೇ ಓಡ್ತಿದ್ರೆ ಇದನ್ನೂ ಸೇರಿಸಿ ಲೆಕ್ಕ ನೋಡ್ಕೊಳ್ಳಿ.

ಓನರ್ ಬಲ್ಬುಗಳನ್ನ ಎಸೀಬೇಡಿ. ಒಂದು ಡಬ್ಬೀಲಿ ಹಾಕಿ ಯಾವುದು ಯಾವ ರೂಮಿಂದು ಅಂತ ಬರೆದು ಸಜ್ಜೆ ಮೇಲಿಡಿ, ಖಾಲಿ ಮಾಡೋ ಹಿಂದಿನ ದಿನ ವಾಪಸ್ ಹಾಕಿ ಉರಿಸಿ ತೋರ್ಸಿ, ನಿಮ್ಮ ಲೈಟುಗಳನ್ನ ಬಿಚ್ಕೊಂಡು ಮುಂದಿನ ಮನೆಗೆ ತಗೊಂಡ್ಹೋಗಿ.