ಫೈಬ್ರಿನೋಜೆನ್ ನಾರ್ಮಲ್ ಬಂದರೆ ನನಗೆ ಅನುಮಾನ

ನಾನು ರಾಯಚೂರಿನಲ್ಲಿ ಪೆಥಾಲಜಿಸ್ಟ್. ಮಳೆಗಾಲ ಬಂತೆಂದರೆ ಲ್ಯಾಬ್ ಕಿಟಕಿಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ: "ಪ್ಲೇಟ್‌ಲೆಟ್ ಎಷ್ಟ್ ಅದಾವ್ರಿ ಸರ್?" ಡೆಂಗ್ಯೂ ಕಲಿಸಿದ್ದು ಅದು. ಆದರೆ ಸೆಪ್ಸಿಸ್‌ನಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಸೋಂಕು ಮೈಯೆಲ್ಲ ಹಬ್ಬಿದಾಗ ಸಣ್ಣ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟತೊಡಗುತ್ತದೆ. ಪ್ಲೇಟ್‌ಲೆಟ್, ಫೈಬ್ರಿನೋಜೆನ್‌ನಂಥ ಹೆಪ್ಪುಗಟ್ಟಿಸುವ ಪ್ರೋಟೀನು ಎಲ್ಲ ಅಲ್ಲೇ ಖರ್ಚು. ಡಿಐಸಿ ಅನ್ನುವುದು ಇದನ್ನೇ.

ಮಾನ್ವಿ ಕಡೆಯ ಒಬ್ಬ ಹೆಣ್ಣುಮಗಳು. ಭತ್ತದ ಗದ್ದೆಯಲ್ಲಿ ಕಾಲಿಗೆ ಏನೋ ಚುಚ್ಚಿ ಕೀವಾಗಿತ್ತು, ಬಿಪಿ ಬಿದ್ದು ಐಸಿಯು ಸೇರಿದ್ದಳು. ಸೋಂಕು, ಉರಿಯೂತ ತೋರಿಸುವ ಸಿಆರ್‌ಪಿ 240, ಪ್ರೊಕ್ಯಾಲ್ಸಿಟೋನಿನ್ 30ರ ಮೇಲೆ; ಎರಡೂ ತುಂಬ ಜಾಸ್ತಿ. ಪ್ಲೇಟ್‌ಲೆಟ್ 88 ಸಾವಿರ. ಪಿಟಿ, ಅಂದರೆ ಹೆಪ್ಪುಗಟ್ಟಲು ಹಿಡಿಯುವ ಸಮಯ, 18 ಸೆಕೆಂಡು; ಹೋಲಿಕೆಗೆ ಇಟ್ಟ ನಾರ್ಮಲ್ ರಕ್ತದ್ದು (ಕಂಟ್ರೋಲ್) 13; ಇವೆರಡರಿಂದ ಲೆಕ್ಕ ಹಾಕುವ ಐಎನ್‌ಆರ್ 1.5. ಹೆಪ್ಪು ಕರಗಿದಾಗ ಉಳಿಯುವ ಚೂರು, ಡಿ-ಡೈಮರ್, ಒಂದಿಷ್ಟು ಏರಿತ್ತು. ಫೈಬ್ರಿನೋಜೆನ್ 260.

ಇಂಥ ರಿಪೋರ್ಟ್ ಬಂದರೆ ನಾನು ಮೊದಲು ನೋಡುವುದು ಟ್ಯೂಬನ್ನು. ನೀಲಿ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪಾಗದಂತೆ ತಡೆಯುವ ಸಿಟ್ರೇಟ್ ಒಂದು ಪಾಲಿಗೆ ಒಂಬತ್ತು ಪಾಲು ರಕ್ತ ಇರಬೇಕು. ಗೆರೆಯವರೆಗೆ ತುಂಬದಿದ್ದರೆ ಪಿಟಿ ಸುಮ್ನೆ ಜಾಸ್ತಿ ಬರುತ್ತದೆ. ಇವಳದು ಸರಿಯಾಗಿತ್ತು. ಆಮೇಲೆ ಸ್ಮಿಯರ್, ಅಂದರೆ ಗಾಜಿನ ಮೇಲೆ ತೆಳ್ಳಗೆ ಸವರಿದ ರಕ್ತ. ಅಂಚಿನಲ್ಲಿ ಪ್ಲೇಟ್‌ಲೆಟ್ ಗುಂಪುಗಟ್ಟಿದ್ದರೆ ಮಷಿನ್ ಕಡಿಮೆ ಎಣಿಸುತ್ತದೆ. ಗುಂಪು ಕಾಣಲಿಲ್ಲ. ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳ ತುಂಬ ಜೋರು ಸೋಂಕಿನ ದಪ್ಪ ಕಪ್ಪು ಕಾಳು, ನಡುವೆ ಅಲ್ಲಲ್ಲಿ ಸಣ್ಣ ನಾಳದ ಹೆಪ್ಪಿಗೆ ಸಿಕ್ಕಿ ಮುರಿದ ಕೆಂಪು ಕಣಗಳು, ಕೆಲವಕ್ಕೆ ಕೋಡು ಮೂಡಿದಂತಿತ್ತು. ಅಂದರೆ ಪ್ಲೇಟ್‌ಲೆಟ್ ನಿಜವಾಗಿಯೂ ಇಳಿದಿದೆ.

ಇನ್ನು ಆ 260. ನಾರ್ಮಲ್ 200ರಿಂದ 400. ರಿಪೋರ್ಟಿನಲ್ಲಿ ಕೆಂಪು ಗುರುತೇ ಬೀಳುವುದಿಲ್ಲ. ಆದರೆ ಸಿಆರ್‌ಪಿಯನ್ನೂ ಫೈಬ್ರಿನೋಜೆನ್ನನ್ನೂ ಲಿವರ್ ಮಾಡುವುದು ಐಎಲ್-6 ಎಂಬ ಉರಿಯೂತದ ಸಂದೇಶದ ಒತ್ತಾಯಕ್ಕೇ ಅಲ್ವಾ? ಒಂದು 240ಕ್ಕೆ ಹೋಗಿರುವಾಗ ಇನ್ನೊಂದು ಐದುನೂರರ ಆಸುಪಾಸಿನಲ್ಲಿರಬೇಕು. ಹಿಂದಿನ ಸಂಜೆಯದು ತೆಗೆದು ನೋಡಿದೆ: 510. ಲಿವರ್ ಮಾಡುತ್ತಲೇ ಇದೆ, ಖರ್ಚು ಅದಕ್ಕಿಂತ ಜೋರಾಗಿದೆ. ಕೂಡಲೇ ಐಸಿಯುಗೆ ಫೋನ್ ಮಾಡಿದೆ. ಇಂಥದ್ದನ್ನು ಪ್ರಿಂಟ್ ತೆಗೆದು ಟ್ರೇಯಲ್ಲಿಟ್ಟು ಕೂರಬಾರದು.

ನಮ್ಮ ಸೀಮೆಯಲ್ಲಿ ಕೊಳಕುಮಂಡಲ ಕಚ್ಚಿದವರ ರಕ್ತ ನೋಡಿ ನೋಡಿ ಕಣ್ಣು ಪಳಗಿರುತ್ತದೆ. ಆ ವಿಷಕ್ಕೆ ಫೈಬ್ರಿನೋಜೆನ್ ನೆಲಕಚ್ಚುತ್ತದೆ, ಗಾಜಿನ ಟ್ಯೂಬಿನಲ್ಲಿ ಇಪ್ಪತ್ತು ನಿಮಿಷ ಇಟ್ಟರೂ ರಕ್ತ ಹೆಪ್ಪಾಗುವುದಿಲ್ಲ. ಸೆಪ್ಸಿಸ್‌ನಲ್ಲೂ ಹಾಗೇ ಆಗಲಿ ಎಂದು ಕಾಯ್ದರೆ ತೀರಾ ತಡ. ಇಲ್ಲಿ ಹೆಪ್ಪನ್ನು ಕರಗಿಸುವ ಕೆಲಸವೇ ಮಂಕಾಗಿರುತ್ತದೆ. ಹಾಗಾಗಿ ಡಿ-ಡೈಮರ್ ಕೂಡ ಅಷ್ಟೊಂದು ಏರದೇ ಇರಬಹುದು.

ಅಂತರರಾಷ್ಟ್ರೀಯ ಡಿಐಸಿ ಸ್ಕೋರಿನಲ್ಲಿ ಅವಳಿಗೆ 4 ಬಂತು, ಡಿಐಸಿ ಎನ್ನಲು 5 ಬೇಕು. ಸೆಪ್ಸಿಸ್‌ನಲ್ಲಿ ಹೆಪ್ಪುಗಟ್ಟುವುದು ಕೆಟ್ಟಿದೆಯೇ ಎಂದು ನೋಡಲೆಂದೇ 2017ರಲ್ಲಿ ಬಂದ ಎಸ್‌ಐಸಿ ಸ್ಕೋರಿನಲ್ಲಿ 4 ಸಾಕು, ಅವಳಿಗೆ 6. ಪ್ಲೇಟ್‌ಲೆಟ್‌ಗೆ 2, ಐಎನ್‌ಆರ್‌ಗೆ 2, ಅಂಗಾಂಗಗಳ ಸ್ಥಿತಿಗೆ 2. ಫೈಬ್ರಿನೋಜೆನ್ ಅದರ ಲೆಕ್ಕದಲ್ಲೇ ಇಲ್ಲ. ಸೆಪ್ಸಿಸ್ ಪೇಶಂಟಿಗೆ ನಾನು ಮೊದಲು ಇದನ್ನೇ ಹಾಕುತ್ತೇನೆ.

ಅಂದೇ ಸರ್ಜನ್ ಕಾಲು ಕೊಯ್ದು ಕೀವು ತೆಗೆದರು. ಮಾರನೆ ದಿನ ಪ್ರೊಕ್ಯಾಲ್ಸಿಟೋನಿನ್ ಹೆಚ್ಚೂಕಡಿಮೆ ಅರ್ಧಕ್ಕಿಳಿಯಿತು, ಸಿಆರ್‌ಪಿ ಮಾತ್ರ 250. "ಆ್ಯಂಟಿಬಯೋಟಿಕ್ ಬದಲಿಸಬೇಕಾ ಸರ್?" ಎಂದು ಡ್ಯೂಟಿ ಡಾಕ್ಟರ್ ಕೇಳಿದರು. ಸಿಆರ್‌ಪಿ ಇಳಿಯುವುದರಲ್ಲಿ ಯಾವಾಗಲೂ ಹಿಂದೆ, ಬರೀ ಅದನ್ನು ನೋಡಿ ಬದಲಿಸಬೇಡಿ ಎಂದೆ. ಫೈಬ್ರಿನೋಜೆನ್ 340ಕ್ಕೆ ಏರಿತ್ತು.

ಹೊರಗೆ ಅವಳ ಅಣ್ಣ ಊರಿನ ಹುಡುಗರನ್ನು ಕರೆದುಕೊಂಡು ನಿಂತಿದ್ದ. "ಪ್ಲೇಟ್‌ಲೆಟ್ ಕೊಡಾಕ ಬಂದೀವ್ರಿ ಸರ್." ರಕ್ತ ಸೋರುತ್ತಿಲ್ಲ, 88 ಸಾವಿರಕ್ಕೆ ಹಾಕುವ ಅಗತ್ಯವಿಲ್ಲ ಎಂದೆ. ನಂಬಲಿಲ್ಲ. ಸಂಜೆ ರಿಪೋರ್ಟಿನಲ್ಲಿ 92 ಎಂದು ತೋರಿಸಿದ ಮೇಲೆಯೇ ಹುಡುಗರು ಬಸ್ಸು ಹತ್ತಿದ್ದು.