ನೀರಿನ ಮಟ್ಟ ನೋಡಿಕೊಂಡು ಸಾಗರಕ್ಕೆ ಬನ್ನಿ

ಮಳೆಗಾಲದಲ್ಲಿ ಪೇಪರ್ ಬಂತು ಅಂದರೆ ನಾನು ಮೊದಲು ತೆಗೆಯುವುದು ಜಲಾಶಯಗಳ ಪಟ್ಟಿ ಇರುವ ಪುಟ. ಲಿಂಗನಮಕ್ಕಿ, ಗರಿಷ್ಠ ಮಟ್ಟ 1819 ಅಡಿ. ಪಕ್ಕದಲ್ಲಿ ಇವತ್ತಿನ ಮಟ್ಟ. ಶಿವಮೊಗ್ಗ ಜಿಲ್ಲೆಯ ನಮ್ಮ ಸಾಗರದ ಸುತ್ತ ತಿರುಗಬೇಕು ಅನ್ನುವವರಿಗೆ ಹವಾಮಾನ ವರದಿಗಿಂತ ಈ ಒಂದು ಸಂಖ್ಯೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಬೆಂಗಳೂರಿನಿಂದ ತಂಗಿಯ ಮಗಳು ಫೋನ್ ಮಾಡಿ, "ದೊಡ್ಡಮ್ಮ, ಯಾವಾಗ ಬರಲಿ? ಫ್ರೆಂಡ್ಸೂ ಬರ್ತಾರಂತೆ" ಅಂದರೆ ನಾನು ಕೇಳುವುದು ಇಷ್ಟೇ: "ಏನು ನೋಡ್ಬೇಕು ಅಂತ ಮೊದ್ಲು ಹೇಳೇ. ನೀರು ನೋಡಿ ದಿನ ಹೇಳ್ತೀನಿ." ನಿಮಗೂ ಅದೇ ಹೇಳುತ್ತೇನೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿ ಕಣಿವೆ ತುಂಬಿತು. ಗದ್ದೆ, ತೋಟ, ಮನೆ, ದಾರಿ ಎಲ್ಲ ಒಳಗೆ ಹೋದವು. ಗುಡ್ಡಗಳ ತಲೆ ಮಾತ್ರ ಮೇಲೆ ಉಳಿಯಿತು. ನೀವು ಫೋಟೊದಲ್ಲಿ ನೋಡುವ ಹಿನ್ನೀರಿನ ನಡುಗಡ್ಡೆಗಳೆಲ್ಲ ಹಾಗೆ ಉಳಿದ ಗುಡ್ಡದ ತಲೆಗಳು. ಹೊಳೆಯಾಚೆ ಕರೂರು ಹೋಬಳಿಯ ಊರುಗಳಿಗೆ ಸಾಗರದ ನೇರ ದಾರಿಯೇ ಕಡಿದು ಹೋಯಿತು. ನನ್ನ ಅಮ್ಮನ ತವರು ಆ ಕಡೆ. ಹಾಗಾಗಿ ನನಗೆ ಇದು ಬರೀ ಪ್ರವಾಸದ ಜಾಗ ಅಲ್ಲ.

ನೀರಿನ ಲೆಕ್ಕ ಹೀಗೆ. ಜುಲೈ, ಆಗಸ್ಟ್‌ನಲ್ಲಿ ಬಂದರೆ ಜೋಗ ಸಿಗುತ್ತದೆ, ಹಿನ್ನೀರು ಮಳೆಯಲ್ಲಿ ಕಾಣುವುದೇ ಇಲ್ಲ. ಮಳೆ ಚೆನ್ನಾಗಿ ಆದ ವರ್ಷ ಅಕ್ಟೋಬರ್‌ನಿಂದ ಡಿಸೆಂಬರ್ ತನಕ ನೀರು ಮರದ ಬುಡದವರೆಗೂ ನಿಂತಿರುತ್ತದೆ, ನಡುಗಡ್ಡೆಗಳು ಹಸಿರು ಬುಟ್ಟಿ ತೇಲಿಬಿಟ್ಟ ಹಾಗೆ ಇರುತ್ತವೆ. ಜನವರಿ ಕಳೆದ ಮೇಲೆ ಒಂದೊಂದು ನಡುಗಡ್ಡೆಗೂ ಕೆಂಪು ಮಣ್ಣಿನ ಅಂಚು ಏಳುತ್ತದೆ. ಏಪ್ರಿಲ್, ಮೇ ಹೊತ್ತಿಗೆ ಮುಳುಗಿದ ದಾರಿ, ಮರದ ಬೊಡ್ಡೆ, ಹಳೆಯ ಪಾಗಾರ ಎದ್ದು ಬರುತ್ತವೆ. ಜಾಗ ಒಂದೇ, ನೋಟ ಮೂರು. ನನ್ನನ್ನು ಕೇಳಿದರೆ ಮೊದಲ ಸಲ ಬರುವವರಿಗೆ ನವೆಂಬರ್ ಒಳ್ಳೆಯದು.

ಬೆಂಗಳೂರು, ಮೈಸೂರಿನವರು ತಾಳಗುಪ್ಪದ ರಾತ್ರಿ ರೈಲಿಗೆ ಬನ್ನಿ. ಟಿಕೆಟ್ ಮಾಡುವಾಗ ನಿಲ್ದಾಣದ ಹೆಸರು ಸಾಗರ ಜಂಬಗಾರು ಅಂತ ಇರುತ್ತದೆ, ಗಾಬರಿ ಬೇಡ, ಅದೇ ಸಾಗರ. ಉಳಿಯುವುದು ಸಾಗರದಲ್ಲೇ ಇರಲಿ, ಕಡಿಮೆ ಅಂದರೆ ಮೂರು ರಾತ್ರಿ. ಜೋಗದ ಎದುರು ಅರ್ಧ ಗಂಟೆ ನಿಂತು, ಮೆಕ್ಕೆಜೋಳ ತಿಂದು, ಸಂಜೆಗೇ ವಾಪಸು ಹೊರಡುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಅಷ್ಟು ದೂರ ಬಂದು ಊರನ್ನೇ ನೋಡದೆ ಹೋಗುತ್ತಾರಲ್ಲ!

ಮೊದಲ ದಿನ ಇಕ್ಕೇರಿ ಮತ್ತು ಕೆಳದಿ. ಎರಡೂ ಸಾಗರದ ಹತ್ತಿರವೇ, ಆಟೊದಲ್ಲಿ ಹೋಗಿ ಬರಬಹುದು. ಸಾಗರ ಅನ್ನುವ ಹೆಸರು ಬಂದದ್ದೂ ಇಲ್ಲಿಂದ ಆಳಿದ ಕೆಳದಿ ನಾಯಕರಿಂದಲೇ. ಸದಾಶಿವ ನಾಯಕ ಕಟ್ಟಿಸಿದ ಕೆರೆ ಸದಾಶಿವಸಾಗರ, ಈಗ ನಾವು ಗಣಪತಿ ಕೆರೆ ಅನ್ನುತ್ತೇವೆ.

ಇಕ್ಕೇರಿ ಅಘೋರೇಶ್ವರ ದೇವಸ್ಥಾನಕ್ಕೆ ಬೆಳಿಗ್ಗೆ ಹೋಗಿ. ಹೊರಗಿನ ದೊಡ್ಡ ನಂದಿಯನ್ನು ಯಾರೂ ಹೇಳದೆಯೇ ನೋಡುತ್ತೀರಿ. ಒಳಗೆ ಹೋದಾಗ ಮಾತ್ರ ತಲೆ ತಗ್ಗಿಸಿ ನೆಲ ನೋಡಿ. ಕಲ್ಲಿನ ನೆಲದ ಮೇಲೆ ದೇವರಿಗೆ ಅಡ್ಡಬಿದ್ದ ಮೂವರು ನಾಯಕರ ಚಿತ್ರ ಕೆತ್ತಿದ್ದಾರೆ, ಹೆಸರು ಸಮೇತ. ಅದರಲ್ಲಿ ಒಬ್ಬನ ಕೈಕಾಲಿಗೆ ಬೇಡಿ ಇದೆ. ಅವನಿಗೆ ಹುಚ್ಚು ಹಿಡಿದಿತ್ತು ಅನ್ನುತ್ತಾರೆ. ರಾಜ್ಯ ಆಳಿದ ಮನೆತನ ತನ್ನವನೊಬ್ಬನ ಕಷ್ಟವನ್ನು ಮುಚ್ಚಿಡದೆ ದೇವರ ಮುಂದೆಯೇ ಕೆತ್ತಿಸಿದೆ. ನಾನು ಎಷ್ಟು ಸಲ ಹೋದರೂ ಆ ಕಲ್ಲಿನ ಹತ್ತಿರ ನಿಲ್ಲದೆ ಬಂದಿಲ್ಲ.

ಇನ್ನೊಂದು, ಅಲ್ಲಿನ ನಡುಗಂಬಗಳ ಮಧ್ಯದ ಅಂತರ. 18 ಅಡಿ 6 ಅಂಗುಲ. ತೋಟದ ಜಮೀನು ಅಳೆಯುವ ಕೋಲಿಗೆ ಇದೇ ಅಳತೆ ಅಂತ ಗೊತ್ತು ಮಾಡಿದ್ದರು. ಶಿವಪ್ಪ ನಾಯಕನ ಶಿಸ್ತು ಅಂತ ಕಂದಾಯದ ಲೆಕ್ಕ ಕೇಳಿರುತ್ತೀರಿ, ಅದು ನಡೆದ ರಾಜ್ಯ ಇದು. ನಮ್ಮದು ಅಡಿಕೆ ತೋಟದ ಮನೆ. ಚಿಕ್ಕವಳಿದ್ದಾಗ ಅಪ್ಪ ನನ್ನನ್ನು ಈ ಕಂಬದಿಂದ ಆ ಕಂಬಕ್ಕೆ ಹೆಜ್ಜೆ ಹಾಕಿಸಿದ್ದರು. ಹನ್ನೆರಡು ಹೆಜ್ಜೆ ಬಂದಿತ್ತು. ಜೊತೆಗೆ ಮಕ್ಕಳಿದ್ದರೆ ನೀವೂ ಹಾಗೆ ಮಾಡಿ. ಹತ್ತಿರದಲ್ಲೇ ಇರುವ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದೂ ಅಳತೆಯ ವಿಷಯಕ್ಕೇ, ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದಾಯಿತು ಅಂತ. ಈ ಸೀಮೆಯಲ್ಲಿ ಅಳತೆ ಅಂದರೆ ಸಣ್ಣ ಮಾತಲ್ಲ.

ಕೆಳದಿಯಲ್ಲಿ ರಾಮೇಶ್ವರ, ವೀರಭದ್ರ ಗುಡಿಗಳು ಒಂದೇ ಆವರಣದಲ್ಲಿವೆ. ವೀರಭದ್ರ ಗುಡಿಯ ಮೇಲ್ಛಾವಣಿಯಲ್ಲಿ ಗಂಡಭೇರುಂಡ ಇದೆ, ಇಲ್ಲಿ ತಲೆ ಎತ್ತಬೇಕು. 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು, ಔರಂಗಜೇಬನ ಸೈನ್ಯವನ್ನು ಎದುರಿಸಿದ ಚೆನ್ನಮ್ಮ ಈ ಮನೆತನದ ರಾಣಿ. ಊರಿನಲ್ಲಿ ಸಣ್ಣ ವಸ್ತುಸಂಗ್ರಹಾಲಯವಿದೆ. ತಾಳೆಗರಿ, ಹಳೆಯ ಕಾಗದ ಪತ್ರಗಳಲ್ಲಿ ಆಸಕ್ತಿ ಇದ್ದರೆ ಒಂದು ಗಂಟೆ ಇಟ್ಟುಕೊಳ್ಳಿ. ಹೊತ್ತು ಉಳಿದರೆ ಹೆಗ್ಗೋಡಿಗೆ ಹೋಗಿ. ನೀನಾಸಂನಲ್ಲಿ ನಾಟಕ ಇದ್ದರೆ ನೋಡಿ, ಇಲ್ಲದಿದ್ದರೆ ಚರಕ ಸಂಸ್ಥೆಯ ಕೈಮಗ್ಗದ ಬಟ್ಟೆ ತಗೊಳ್ಳಿ. ಬಣ್ಣ ಕಟ್ಟಲು ಅಡಿಕೆ ಬೇಯಿಸಿ ಉಳಿದ ಚೊಗರು ಬಳಸುತ್ತಾರೆ.

ಎರಡನೇ ದಿನ ಹೊಳೆಯಾಚೆ. ಆವಿನಹಳ್ಳಿ ದಾರಿಯಲ್ಲಿ ಹೋದರೆ ಹೊಳೆಬಾಗಿಲು. 2025ರ ಜುಲೈನಿಂದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಇದೆ, ಎರಡು ಕಿಲೋಮೀಟರ್‌ಗೂ ಜಾಸ್ತಿ ಉದ್ದ. ಅದಕ್ಕೂ ಮುಂಚೆ ಇಲ್ಲಿ ಲಾಂಚ್ ಒಂದೇ ಗತಿ. ಜನ, ಬೈಕ್, ಕಾರು, ಬಸ್ಸು ಎಲ್ಲವೂ ಅದರ ಮೇಲೆ. ಸಂಜೆಯ ಕೊನೆಯ ಲಾಂಚ್ ಹೋಯಿತು ಅಂದರೆ ಮುಗಿಯಿತು. ಒಂದು ಸಲ ಅಮ್ಮ, ನಾನು ಬಸ್ಸು ತಡವಾಗಿ ಹೋಗಿ ಲಾಂಚ್ ತಪ್ಪಿಸಿಕೊಂಡೆವು. ಆಚೆ ದಡದಲ್ಲಿ ಮಾವ ಟಾರ್ಚ್ ಬೀಸುತ್ತಿದ್ದದ್ದು ಕಾಣುತ್ತಿತ್ತು. ಅಜ್ಜಿಗೆ ಹುಷಾರಿಲ್ಲ ಅಂತ ಹೊರಟವರು ನಾವು. ಈಚೆ ದಡದ ಯಾರದೋ ಮನೆಯವರು ಕರೆದು ಊಟ ಹಾಕಿ, ಜಗುಲಿಯಲ್ಲಿ ಚಾಪೆ ಕೊಟ್ಟರು. ಅಮ್ಮ ರಾತ್ರಿಯಿಡೀ ಮಲಗಲಿಲ್ಲ. ಆದ್ದರಿಂದ ಆ ಊರಿನವರ ಹತ್ತಿರ "ಲಾಂಚ್ ಇದ್ದಾಗಲೇ ಚೆನ್ನಾಗಿತ್ತು ಅಲ್ವಾ?" ಅಂತ ದಯವಿಟ್ಟು ಕೇಳಬೇಡಿ. ಆ ಸೇತುವೆಗೆ ಅವರು ಎಷ್ಟು ವರ್ಷ ಕಾದಿದ್ದಾರೆ ಅಂತ ನನಗೆ ಗೊತ್ತು.

ಸೇತುವೆಯ ಮೇಲೆ ಗಾಡಿ ನಿಲ್ಲಿಸಬೇಡಿ. ಫೋಟೊ ಬೇಕಾದರೆ ಈಚೆ ದಡದಲ್ಲೇ ಹಳೆಯ ಲಾಂಚ್ ಕಟ್ಟೆಯ ಹತ್ತಿರ ಇಳಿಯಿರಿ. ಅಲ್ಲಿಂದ ನೀರಿನ ಮಟ್ಟಕ್ಕೇ ನಿಂತು ನೋಡಬಹುದು. ಹೊಳೆಯಾಚೆಯ ಸಿಗಂದೂರು ಚೌಡೇಶ್ವರಿಯ ದರ್ಶನಕ್ಕೆ ಮಂಗಳವಾರ, ಶುಕ್ರವಾರ, ರಜೆ ದಿನ ತುಂಬ ಜನ. ಬುಧವಾರವೋ ಗುರುವಾರವೋ ಹೋದರೆ ಆರಾಮ.

ಲಾಂಚ್‌ನಲ್ಲಿ ಕೂರಲೇಬೇಕು ಅನ್ನುವ ಆಸೆ ಇದ್ದರೆ ಬಂದ ದಾರಿಯಲ್ಲೇ ತಿರುಗಬೇಡಿ. ತುಮರಿ ದಾಟಿ ಹಲ್ಕೆಗೆ ಹೋಗಿ. ಅಲ್ಲಿಂದ ಮುಪ್ಪಾನೆಗೆ ಲಾಂಚ್ ಇದೆ. ಆಚೆ ಇಳಿದರೆ ಕಾಡಿನ ದಾರಿ, ಕಾರ್ಗಲ್, ಆಮೇಲೆ ಜೋಗ. ಸಾಗರದಿಂದ ಹೊರಟು ಸಾಗರಕ್ಕೇ ಬರುವ ಈ ಒಂದು ಸುತ್ತು ನನಗೆ ಎಲ್ಲಕ್ಕಿಂತ ಇಷ್ಟ. ಆದರೆ ನೀರು ತೀರಾ ಇಳಿದರೂ, ಗಾಳಿಮಳೆ ಜೋರಾದರೂ ಲಾಂಚ್ ನಿಲ್ಲಿಸುತ್ತಾರೆ. ತುಮರಿಯ ಯಾವುದಾದರೂ ಅಂಗಡಿಯಲ್ಲಿ ಚಹಾ ಕುಡಿಯುತ್ತಾ "ಇವತ್ತು ಮುಪ್ಪಾನೆ ಲಾಂಚ್ ಉಂಟಾ?" ಅಂತ ಕೇಳಿಯೇ ಮುಂದೆ ಹೋಗಿ. ಕೇಳದೆ ಹೋಗಿ ನಾನು ಒಂದು ಏಪ್ರಿಲ್‌ನಲ್ಲಿ ಲಾಂಚ್ ಇದ್ದ ಇನ್ನೊಂದು ಜಾಗ ಹಸಿರುಮಕ್ಕಿಯ ದಡದಲ್ಲಿ ನಿಂತಿದ್ದೆ. ಲಾಂಚ್ ಕೆಸರಿನ ಪಕ್ಕ ಸುಮ್ನೆ ನಿಂತಿತ್ತು, ನೀರು ಅಷ್ಟು ದೂರ ಹೋಗಿತ್ತು. ಸುತ್ತು ಹಾಕಿ ಮನೆ ಸೇರುವಾಗ ರಾತ್ರಿ.

ನಡುಗಡ್ಡೆಯ ಮೇಲೆ ಕಾಲಿಡಬೇಕು ಅಂದರೆ ಹೊನ್ನೆಮರಡು. ತಾಳಗುಪ್ಪ ಕಡೆಯ ದಾರಿಯಲ್ಲಿ ಹೋಗಿ ತಿರುಗಬೇಕು. ದೋಣಿ ಹುಟ್ಟು ಹಾಕುವುದನ್ನು ಕಲಿಸುತ್ತಾರೆ, ಮೊದಲೇ ಹೇಳಿ ಹೋಗಬೇಕು. ಲೈಫ್ ಜಾಕೆಟ್ ಇಲ್ಲದೆ ಎಲ್ಲೂ ನೀರಿಗೆ ಇಳಿಯಬೇಡಿ. ಹಿನ್ನೀರು ಕೆರೆಯಂತೆ ಸಮಾಧಾನವಾಗಿ ಕಾಣುತ್ತದೆ. ಕೆಳಗೆ ಇರುವುದು ಕಣಿವೆ. ಎರಡು ಹೆಜ್ಜೆ ಮೊಣಕಾಲುದ್ದ, ಮೂರನೆಯದಕ್ಕೆ ನೆಲ ಸಿಗುವುದಿಲ್ಲ. ಬೊಡ್ಡೆಗಳಿಗೆ ಕಾಲು ಸಿಕ್ಕಿಕೊಳ್ಳುವುದೂ ಇದೆ.

ಮೂರನೇ ದಿನ ಏನು ಅನ್ನುವುದನ್ನು ಮತ್ತೆ ನೀರೇ ಹೇಳುತ್ತದೆ. ಬೇಸಿಗೆಯಲ್ಲಿ ಮಟ್ಟ ಚೆನ್ನಾಗಿ ಇಳಿದಿದ್ದರೆ ಮಡೆನೂರು. ಲಿಂಗನಮಕ್ಕಿಗೂ ಮುಂಚೆ, 1948ರಲ್ಲಿ ಜೋಗದ ವಿದ್ಯುತ್ ಕೇಂದ್ರಕ್ಕಾಗಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಅಲ್ಲಿ ಮುಳುಗಿದೆ. ಒಂದು ಅಣೆಕಟ್ಟನ್ನು ಇನ್ನೊಂದು ಅಣೆಕಟ್ಟಿನ ನೀರು ನುಂಗಿದ್ದು. ನೀರು ಇಳಿದಾಗ ಅದರ ಗೋಡೆ, ಹೆಚ್ಚಾದ ನೀರು ಹೊರಗೆ ಬಿಡುವ ಗುಂಡನೆಯ ಸೈಫನ್‌ಗಳು ಎದ್ದು ನಿಲ್ಲುತ್ತವೆ. ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡು, ಅವರು ನಡೆದಲ್ಲೇ ನಡೆಯಿರಿ. ಮೇಲೆ ಒಣಗಿದಂತೆ ಕಾಣುವ ಮಣ್ಣು ಕೆಳಗೆ ಹಸಿ ಇರುತ್ತದೆ.

ಬಯಲಾದ ನೆಲದಲ್ಲಿ ಒರಳು, ಮೆಟ್ಟಿಲು, ಹೆಂಚಿನ ಚೂರು ಕಂಡರೆ ಮುಟ್ಟಿ ನೋಡಿ, ಆದರೆ ತರಬೇಡಿ. ಅಜ್ಜಿ ಬದುಕಿದ್ದಾಗ ಒಂದು ಮೇ ತಿಂಗಳು ನಮ್ಮನ್ನು ತಮ್ಮ ಹಳೆಯ ಮನೆಯ ಜಾಗಕ್ಕೆ ಕರೆದುಕೊಂಡು ಹೋಗಿದ್ದರು. ಗೋಡೆ ಯಾವುದೂ ಇರಲಿಲ್ಲ. ಅಡುಗೆಮನೆಯ ಒರಳು ಮಾತ್ರ ನೆಲಕ್ಕೆ ಹೂತ ಹಾಗೇ ಇತ್ತು. ಅಜ್ಜಿ ಕೂತು ಅದರ ಗುಂಡಿಯಲ್ಲಿದ್ದ ಕೆಸರನ್ನು ಬೆರಳಲ್ಲಿ ಬಳಿದು ಬಳಿದು ತೆಗೆದರು, ನಾಳೆ ದೋಸೆಗೆ ರುಬ್ಬುವುದಿದೆ ಅನ್ನುವ ಹಾಗೆ. ಜೂನ್‌ಗೆ ಅದು ಮತ್ತೆ ಮುಳುಗಿತು.

ನೀರು ತುಂಬಿದ್ದರೆ ಮೂರನೇ ದಿನಕ್ಕೆ ಹೊಸನಗರ ದಾಟಿ ನಗರಕ್ಕೆ ಹೋಗಿ. ಕೆಳದಿ, ಇಕ್ಕೇರಿ ಆದ ಮೇಲೆ 1639ರ ಸುಮಾರಿಗೆ ನಾಯಕರ ರಾಜಧಾನಿಯಾದ ಬಿದನೂರು ಅದೇ. 1763ರಲ್ಲಿ ಹೈದರಾಲಿ ಗೆದ್ದು ಹೈದರನಗರ ಅಂತ ಕರೆದ, ಈಗ ಬರೀ ನಗರ. ಕೋಟೆ ಹತ್ತಿ, ಆಮೇಲೆ ದೇವಗಂಗೆಯ ಕೊಳಗಳನ್ನು ನೋಡಿ. ಬೆಟ್ಟದ ಝರಿಯ ನೀರು ಒಂದರಿಂದ ಒಂದಕ್ಕೆ ಹರಿಯುತ್ತದೆ, ಒಂದೊಂದರ ಆಕಾರವೂ ಬೇರೆ.

ಮಳೆಗಾಲದಲ್ಲಿ ಉಂಬಳ, ಅಂದರೆ ಜಿಗಣೆ ಇರುತ್ತದೆ. ಸುಣ್ಣ ಹಚ್ಚಿದರೆ ಬಿಡುತ್ತದೆ, ಹೆದರುವಂಥದ್ದೇನಲ್ಲ. ಹೆದರಬೇಕಾದದ್ದು ಬೇಸಿಗೆಯ ಉಣುಗಿಗೆ, ಅಂದರೆ ಉಣ್ಣೆ ಹುಳಕ್ಕೆ. ಅದು ಕಚ್ಚಿದರೆ ಬರುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದು ನಮ್ಮ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇ ತನಕ ಕಾಡಿನೊಳಗೆ ಹೋಗುವುದಾದರೆ ತುಂಬು ತೋಳು, ಉದ್ದ ಪ್ಯಾಂಟ್ ಹಾಕಿ. ಉಣುಗು ಹತ್ತದಂತೆ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ತರಗೆಲೆಯ ಮೇಲೆ ಕೂರಬೇಡಿ. ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ಹೇಳಿ. ಊರಿಗೆ ಹೋದ ಮೇಲೆ ಜ್ವರ ಬಂದರೆ "ಸಾಗರದ ಕಾಡಿಗೆ ಹೋಗಿದ್ದೆ" ಅಂತ ಡಾಕ್ಟರಿಗೆ ತಿಳಿಸಿ.

ಊಟಕ್ಕೆ ಎಲ್ಲಿ ಕೂತರೂ ತಂಬುಳಿ, ಅಪ್ಪೆಹುಳಿ ಇದೆಯಾ ಅಂತ ಕೇಳಿ. ಊರಿಗೆ ಒಯ್ಯಲು ತೊಡೆದೇವು. ಬೋರಲು ಹಾಕಿದ ಗಡಿಗೆಯ ಕೆಳಗೆ ಬೆಂಕಿ ಇಟ್ಟು, ಕಬ್ಬಿನ ಹಾಲಿಗೆ ಅಕ್ಕಿಹಿಟ್ಟು ಕಲಸಿದ ತೆಳು ಹಿಟ್ಟನ್ನು ಬಟ್ಟೆಯಲ್ಲಿ ಒಂದೇ ಸಲ ತೊಡೆಯುತ್ತಾರೆ. ಎಬ್ಬಿದಾಗ ಕಾಗದಕ್ಕಿಂತ ತೆಳು. ತುಪ್ಪ, ಹಾಲು ಹಾಕಿಕೊಂಡು ತಿನ್ನಬೇಕು. ರೈಲಿನಲ್ಲಿ ಬ್ಯಾಗಿಗೆ ತುರುಕಿದರೆ ಮನೆಗೆ ಹೋಗುವಷ್ಟರಲ್ಲಿ ಪುಡಿಯಾಗಿರುತ್ತದೆ. ಬರುವಾಗಲೇ ಒಂದು ಅಗಲ ಸ್ಟೀಲ್ ಡಬ್ಬಿ ತಂದಿರಿ, ಮೇಲಿನ ಬರ್ತ್‌ನಲ್ಲಿ ತಲೆಯ ಹತ್ತಿರ ಇಟ್ಟುಕೊಳ್ಳಿ.