ಉಲ್ಟಾ ಕೈ ಬಿಟ್ಟೆ, ಗಿರಾಕಿ ಬಿಡಲಿಲ್ಲ

ದಾಡಿ ನುಣ್ಣಗೆ ಬರಬೇಕಂದ್ರೆ ಕೂದಲು ಬೆಳೆದ ದಿಕ್ಕಿಗೆ ಸೀದಾ ಒಂದು ಕೈ, ಅದಕ್ಕೆ ಎದುರಾಗಿ ಉಲ್ಟಾ ಒಂದು ಕೈ. ನಮ್ಮ ರಾಯಚೂರಿನ ಯಾವ ಕಟಿಂಗ್ ಶಾಪಿಗೆ ಹೋದರೂ ಇದೇ ಮಾತು. ನಾನೂ ಹಾಗೇ ಕಲಿತವನು. ಚರ್ಮ ಸೂಕ್ಷ್ಮ ಇರುವವರಿಗೆ ಉಲ್ಟಾ ಕೈ ಪೂರ್ತಿ ನಿಲ್ಲಿಸಿ ಈಗ ಎರಡು ವರ್ಷದ ಹತ್ತಿರ ಆಯ್ತು. ನಿಲ್ಲಿಸಿದಾಗ ಬಾಜು ಅಂಗಡಿಯ ಹಿರಿಯರು, "ತಮ್ಮಾ, ಗಲ್ಲದ ಮ್ಯಾಲ ಕೈ ಆಡಿಸಿದ್ರ ಚುಚ್ಚಬಾರ್ದು. ಚುಚ್ಚಿದ್ರ ಗಿರಾಕಿ ಮತ್ತ ಬರಂಗಿಲ್ಲ ನೋಡು" ಅಂದಿದ್ದರು. ಈಗ ಅವರ ಕಾಯಂ ಗಿರಾಕಿಗಳೇ ಒಂದಿಬ್ಬರು ನನ್ನ ಕುರ್ಚಿಯಲ್ಲಿ ಕೂರುತ್ತಾರೆ. ಸ್ವಲ್ಪ ಜಂಭ ಕಂಡರೆ ಸಹಿಸಿಕೊಳ್ಳಿ.

ನನಗೆ ತಲೆನೋವಾಗಿದ್ದವರು ದಿನಾ ಗಡ್ಡ ತೆಗೆಯಲೇಬೇಕಾದವರು. ಬ್ಯಾಂಕಿನ ಗಾರ್ಡುಗಳು, ಪೊಲೀಸರು, ಶಕ್ತಿನಗರದ ಕಡೆ ಸೆಕ್ಯೂರಿಟಿ ಕೆಲಸಕ್ಕೆ ಹೋಗುವ ಹುಡುಗರು. ಗುಂಗುರು ಕೂದಲಾದರೆ ಗದ್ದದ ಕೆಳಗೆ, ಗಂಟಲ ಸುತ್ತ ಕೆಂಪು ಗುಳ್ಳೆ. ಅದರ ಮೇಲೆ ಮತ್ತೆ ಬ್ಲೇಡ್. ಮೇಲೆ ಏಪ್ರಿಲ್-ಮೇ ತಿಂಗಳ 42 ಡಿಗ್ರಿ ಬಿಸಿಲು, ಯೂನಿಫಾರ್ಮಿನ ಕಾಲರ್, ಬೆವರು. ಉರಿ ತಡೆಯಲಾಗದೆ ಕೆಲವರು ಪಾಳಿ ಮುಗಿಸಿ ಸೀದಾ ನನ್ನ ಅಂಗಡಿಗೇ ಬಂದು ಬೈದಿದ್ದಾರೆ.

ಮೊದಲು ದುಡ್ಡು ಹೋದ ಕಥೆ. ಡಬ್ಬಿ ಫೋಮ್ ತಂದೆ, ಒಂದಕ್ಕೆ ಇನ್ನೂರು ಚಿಲ್ಲರೆ. ಜೆಲ್ ತಂದೆ. ಐದು ಬ್ಲೇಡಿನ ರೇಜರ್ ಕೂಡ ನೋಡಿದೆ, ಅದರ ಕಾರ್ಟ್ರಿಡ್ಜ್ ಬೆಲೆಗೆ ನಮ್ಮ ಬ್ಲೇಡು ವಾರಕ್ಕಾಗುವಷ್ಟು ಬರುತ್ತದೆ. ಗುಂಗುರು ಕೂದಲಿನವರಿಗೆ ಅದು ಇನ್ನೂ ಕೆಟ್ಟದ್ದು. ಕೂದಲನ್ನು ಎಳೆದು ಚರ್ಮದ ಒಳಗೇ ಕತ್ತರಿಸುತ್ತದೆ. ಚೂಪಾದ ತುದಿ ಬೆಳೆಯುವಾಗ ಸುತ್ತಿಕೊಂಡು ಚರ್ಮಕ್ಕೇ ಚುಚ್ಚುತ್ತದೆ, ಗುಳ್ಳೆ ಏಳುತ್ತದೆ. ಎಲ್ಲಾ ಸೇರಿ ಆರೇಳು ಸಾವಿರ ಹೋಯಿತು ಅಂತ ನೆನಪು. ಮನೆಯವಳು ಲೆಕ್ಕ ಕೇಳಿದಾಗ ನಾಲ್ಕು ಅಂದಿದ್ದೆ.

ಕೆಲಸಕ್ಕೆ ಬಂದದ್ದು ಹತ್ತು ರೂಪಾಯಿಯ ನೀರು. ನಮ್ಮ ಬೋರ್ ನೀರು ನಿಮಗೆ ಗೊತ್ತೇ ಇದೆ, ಸೋಪು ನೊರೆ ಬರುವ ಬದಲು ಗಸಿ ಕಟ್ಟುತ್ತದೆ. ಎಷ್ಟು ಬ್ರಷ್ ಆಡಿಸಿದರೂ ನೊರೆ ನಿಲ್ಲಲ್ಲ, ಬ್ಲೇಡು ಒಣ ಚರ್ಮದ ಮೇಲೇ ಓಡುತ್ತದೆ. ಕುಡಿಯುವ ನೀರಿನ ಇಪ್ಪತ್ತು ಲೀಟರ್ ಕ್ಯಾನ್ ತಂದಿಟ್ಟೆ. ದಾಡಿಗೆ ಮಾತ್ರ ಬಳಸಿದರೆ ಮೂರು ದಿನಕ್ಕೆ ಮೋಸವಿಲ್ಲ. "ಕುಡಿಯೋ ನೀರಾಗ ದಾಡಿ ಮಾಡ್ತಾನ್ರೀ ಇವ" ಅಂತ ಚಹಾದಂಗಡಿಯಲ್ಲಿ ನಕ್ಕರು. ನಗಲಿ. ಅರ್ಧ ಕ್ರೀಮಿಗೇ ಗಟ್ಟಿ ನೊರೆ ಬರತೊಡಗಿತು, ನೀರಿನ ದುಡ್ಡು ಕ್ರೀಮಿನಲ್ಲೇ ವಾಪಸ್.

ಎರಡನೇದು ಕಾಯುವುದು. ಉಗುರುಬೆಚ್ಚಗಿನ ನೀರಲ್ಲಿ ಹಿಂಡಿದ ಟವೆಲ್ ಎರಡು ಮೂರು ನಿಮಿಷ ಮುಖದ ಮೇಲೆ. ಕೂದಲು ನೀರು ಕುಡಿದು ಮೆತ್ತಗಾಗಲು ಅಷ್ಟು ಬೇಕೇ ಬೇಕು. ಭಾನುವಾರ ಬೆಂಚಿನ ತುಂಬಾ ಜನ ಕೂತಾಗ ಇದು ಕಷ್ಟ. ಹಾಗಾಗಿ ಇಂಥ ಗಿರಾಕಿಗಳಿಗೆ ಭಾನುವಾರ ಬರಬೇಡಿ ಅಂತ ಹೇಳಿಬಿಟ್ಟಿದ್ದೇನೆ. ಮಂಗಳವಾರ ರಜೆ, ಉಳಿದ ದಿನ ಮಧ್ಯಾಹ್ನ ಅಂಗಡಿ ಖಾಲಿಯೇ ಅಲ್ವಾ?

ಇನ್ನು ಕೈ. ನೀರು ಹಾಕುವ ಮೊದಲು, ಒಣಗಿರುವಾಗಲೇ ಬೆರಳು ಆಡಿಸಿ ನೋಡಿ. ಎತ್ತ ಸವರಿದರೆ ಚುಚ್ಚಲ್ಲವೋ ಅದು ಕೂದಲಿನ ದಿಕ್ಕು. ಕೆನ್ನೆಯ ಮೇಲೆ ಹೆಚ್ಚಿನವರದು ಕೆಳಮುಖ. ಕುತ್ತಿಗೆಯಲ್ಲೇ ಇರುವುದು ಕಿತಾಪತಿ. ಒಬ್ಬ ಗಾರ್ಡಿಗೆ ಗಂಟಲ ಮಣಿಯ ಎಡಕ್ಕೆ ಸಣ್ಣ ಸುಳಿ ಇದೆ. ಮೇಲಿನ ಕೂದಲು ಕಿವಿಯ ಕಡೆ, ಕೆಳಗಿನದು ಗದ್ದದ ಕಡೆ. ಆತನಿಗೆ ಮೇಲಿಂದ ಕೆಳಗೆ ಎಳೆದರೆ ಅದೇ ಉಲ್ಟಾ ಕೈ! ಇಷ್ಟು ವರ್ಷ ಎಲ್ಲಾ ಅಂಗಡಿಯಲ್ಲೂ ಅದನ್ನೇ ಮಾಡಿದ್ದರು. ಆ ಜಾಗದಲ್ಲಿ ಉಸ್ತರ (ಬ್ಲೇಡು ಹಾಕುವ ಕ್ಷೌರದ ಕತ್ತಿ) ಅಡ್ಡಕ್ಕೆ ಹಿಡಿದು ಕಿವಿಯ ಕಡೆ ಸಣ್ಣ ಸಣ್ಣ ಗೆರೆ ಎಳೆದೆ, ಎರಡನೇ ಸಲ ಮುಟ್ಟಲಿಲ್ಲ. ಚರ್ಮವನ್ನು ಬೆರಳಿಂದ ಬಿಗಿ ಎಳೆಯುವ ಚಟವನ್ನೂ ಬಿಟ್ಟೆ. ಎಳೆದು ಕತ್ತರಿಸಿದರೆ ಬಿಟ್ಟಾಗ ತುದಿ ಒಳಗೆ ಹೋಗುತ್ತದೆ. ತಿಂಗಳು ಒಂದೂವರೆ ತಿಂಗಳಲ್ಲಿ ಗುಳ್ಳೆ ಆರಿತು. ಮಣಿಕಟ್ಟು ಎಷ್ಟು ಓರೆ ಇಡಬೇಕು ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ಉಸ್ತರಕ್ಕೆ ಮುರಿದು ಹಾಕುವ ಅರ್ಧ ಬ್ಲೇಡು ಪ್ರತಿ ಗಿರಾಕಿಗೆ ಹೊಸದು, ಅದು ಎಲ್ಲರಿಗೂ ಗೊತ್ತು. ನಾನು ಒಂದೂವರೆ ಎರಡು ರೂಪಾಯಿ ಜಾಸ್ತಿ ಕೊಟ್ಟು ಪ್ಲಾಟಿನಂ ಲೇಪದ್ದು ಹಾಕುತ್ತೇನೆ. ಗಡ್ಡ ದಪ್ಪ ಇದ್ದರೆ ಕುತ್ತಿಗೆಗೆ ಬರುವಾಗ ಉಳಿದ ಅರ್ಧವನ್ನೂ ಅವರಿಗೇ ಹಾಕಿ. ಕಂಜೂಸಿ ಮಾಡಬೇಡಿ.

ಪಟಿಕದ, ಅಂದರೆ ದಾಡಿ ಆದ ಮೇಲೆ ಉಜ್ಜುವ ಕಲ್ಲಿನ ವಿಷಯಕ್ಕೆ ಜಗಳವೇ ಆಗಿದೆ. ರಕ್ತ ಬಂದರೆ ಪಟಿಕ ಸರಿ, ಆ ಚುಕ್ಕಿಗೆ ಮಾತ್ರ. ಮುಖವೆಲ್ಲಾ ಉಜ್ಜಿದರೆ ಸೂಕ್ಷ್ಮ ಚರ್ಮ ಒಣಗಿ ಬಿಗಿಯುತ್ತದೆ. ಒಂದೇ ಕಲ್ಲನ್ನು ಹತ್ತು ಮುಖಕ್ಕೆ ಉಜ್ಜುವುದಂತೂ ಬೇಡವೇ ಬೇಡ. ಚೂರು ಮಾಡಿಟ್ಟುಕೊಳ್ಳಿ, ಒಬ್ಬರಿಗೊಂದು, ಆಮೇಲೆ ಬಿಸಾಕಿ. ಸ್ಪಿರಿಟ್ ಇರುವ ಆಫ್ಟರ್ ಶೇವ್ ಇವರಿಗೆ ವಿಷ. "ಉರಿಬೇಕ್ರೀ, ಅವಾಗ್ಲೇ ದಾಡಿ ಮಾಡ್ಸಿದಂಗ" ಅನ್ನುವವರೂ ಇದ್ದಾರೆ, ಅವರಿಗೆ ಹಾಕಿ. ಉಳಿದವರಿಗೆ ತಣ್ಣೀರ ಬಟ್ಟೆ ಒತ್ತಿ, ಒರೆಸಬೇಡಿ. ಮೇಲೆ ವಾಸನೆ ಇಲ್ಲದ ಮಾಯಿಶ್ಚರೈಸರ್, ತುರಿಕೆ ಇದ್ದರೆ ಕ್ಯಾಲಮೈನ್ ಲೋಷನ್.

ಲೋಳೆಸರವನ್ನೂ ನೋಡಿದೆ. ಹಸಿ ಎಲೆ ಕೊಯ್ದು ಹಚ್ಚಿದಾಗ ಒಬ್ಬರಿಗೆ ಕೆರೆತ ಎದ್ದಿತು. ಕೊಯ್ದ ಕಡೆ ಇಳಿಯುವ ಹಳದಿ ರಸದ್ದು ಆ ಕೆಲಸ. ಈಗ ಎಲೆ ಸ್ವಲ್ಪ ಹೊತ್ತು ನಿಲ್ಲಿಸಿ ರಸ ಸೋರಿಸಿ, ಸಿಪ್ಪೆ ತೆಗೆದು ಒಳಗಿನ ಲೋಳೆ ತೊಳೆದು, ಮೊದಲು ಕಿವಿಯ ಹಿಂದೆ ಹಚ್ಚಿ ನೋಡುತ್ತೇನೆ. ಬೇವಿನ ಕಷಾಯಕ್ಕೆ ಬಾಯಿ ಕಹಿಯಾಯಿತು ಅಂತ ಬೈಗುಳ ಬಿತ್ತು, ಬ್ರಷ್ ಹಸಿರಾದದ್ದು ಬೇರೆ. ದಾಡಿಗೆ ಮುಂಚೆ ಕೊಬ್ಬರಿ ಎಣ್ಣೆ ಎರಡೇ ಹನಿ, ಜಾಸ್ತಿಯಾದರೆ ಬ್ಲೇಡು ಕಟ್ಟಿಕೊಳ್ಳುತ್ತದೆ. ಎಣ್ಣೆಯಲ್ಲಿ ಏನು ಕಾಯಿಸುತ್ತೇನೆ ಅಂತ ಕೇಳಬೇಡಿ, ಹೇಳಲ್ಲ.

ಕೀವು ತುಂಬಿದ ಗುಳ್ಳೆ ಕಂಡರೆ ನಾನು ಉಸ್ತರ ಎತ್ತಲ್ಲ. ಕೆಲವರು ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತಂದ ಸ್ಟೀರಾಯ್ಡ್ ಟ್ಯೂಬ್ ತಿಂಗಳುಗಟ್ಟಲೆ ಹಚ್ಚಿರುತ್ತಾರೆ. ಚರ್ಮ ತೆಳುವಾಗಿ ರಕ್ತನಾಳ ಕಾಣುತ್ತಿರುತ್ತದೆ. ಅವರನ್ನು ನಮ್ಮೂರ ಸರ್ಕಾರಿ ಆಸ್ಪತ್ರೆ ರಿಮ್ಸ್‌ನ ಚರ್ಮದ ಡಾಕ್ಟರ ಹತ್ತಿರ ಕಳಿಸುತ್ತೇನೆ. ಗುಳ್ಳೆ ತಾನಾಗೇ ಹೋಗಬೇಕಂದ್ರೆ ಮೂರು ನಾಲ್ಕು ವಾರ ಬ್ಲೇಡ್ ಬಿಟ್ಟು ಟ್ರಿಮ್ಮರ್ ಹಿಡಿಯುವುದೇ ಒಳ್ಳೆಯದು, ಮೇಲಧಿಕಾರಿ ಒಪ್ಪಿದರೆ. ಶ್ರಾವಣ ಮುಗಿಸಿ, ಅಯ್ಯಪ್ಪನ ಮಾಲೆ ತೆಗೆದು ಉದ್ದ ಗಡ್ಡದಲ್ಲಿ ಬರುವವರಿಗೂ ಮೊದಲು ಟ್ರಿಮ್ಮರ್, ಆಮೇಲೆ ಟವೆಲ್.

ಬೇರೆಯವರಿಗೆ ಐವತ್ತು, ಈ ದಾಡಿಗೆ ಎಂಬತ್ತು ತಗೊಳ್ಳುತ್ತೇನೆ. ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ. ಮೊದಲ ವಾರ ಎಲ್ಲರೂ "ಯಣ್ಣಾ, ನುಣ್ಣಗ ಆಗಿಲ್ಲ" ಅನ್ನುತ್ತಾರೆ, ಎರಡನೇ ತಿಂಗಳು ತಮ್ಮನನ್ನು ಕರೆತರುತ್ತಾರೆ. ಈಗ ತಲೆ ಬೋಳಿಸಿಕೊಳ್ಳುವವರ ಹಿಂಭಾಗದ ಗುಳ್ಳೆಗೆ ಇದೇ ಹಾದಿ ಹಿಡಿದಿದ್ದೇನೆ. ಅಲ್ಲಿ ಕೂದಲಿನ ದಿಕ್ಕು ಇನ್ನೂ ಕೈಗೆ ಸಿಕ್ಕಿಲ್ಲ.